ಮುಕ್ಕಾಲು ಗುರುತು

ಸೊಸೆ ಅದೇ ಲೆಕ್ಕವನ್ನು ಐದನೆಯ ಸಲ ಮೊದಲಿನಿಂದ ಶುರು ಮಾಡಿದಳು. ಊಟದ ಮೇಜಿನ ಮೇಲಿನ ತಟ್ಟೆ ಲೋಟಗಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಕಳೆದ ತಿಂಗಳ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿಕೊಂಡಿದ್ದಳು. ಹನ್ನೆರಡರಲ್ಲಿ ನಾಲ್ಕು ಹೋದರೆ ಎಂಟು. ಎಂಟನ್ನು ಹದಿನಾರರಿಂದ ಭಾಗಿಸಿದರೆ ಅರ್ಧ. ಮುನ್ನೂರರ ಅರ್ಧ ನೂರೈವತ್ತು. ಬಾಯಲ್ಲೇ ಸಣ್ಣಗೆ ಹೇಳಿಕೊಳ್ಳುತ್ತ ಬರೆದಳು, ಉತ್ತರದ ಕೆಳಗೆ ಎರಡು ಗೆರೆ ಎಳೆದಳು, ಆಮೇಲೆ ತಾನೇ ಎಳೆದ ಗೆರೆಯ ಮೇಲೆ ನಂಬಿಕೆಯಿಲ್ಲದವಳ ಹಾಗೆ ಅದನ್ನೇ ನೋಡುತ್ತ ಕುಳಿತಳು.

ಎದುರಿಗಿದ್ದ ಮಾವ ತಣ್ಣಗಾದ ಚಹಾವನ್ನು ಕುಡಿಯುವವನ ಹಾಗೆ ಲೋಟವನ್ನು ತುಟಿಗೆ ತಂದು ಇಳಿಸುತ್ತಿದ್ದ. ಆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಖಚಿತವಾಗಿ ಗೊತ್ತಿದ್ದವನು ಅವನೊಬ್ಬನೇ. ತಪ್ಪು ಎಲ್ಲಿದೆ ಎಂಬುದೂ ಗೊತ್ತಿತ್ತು. ಅದು ಅವನ ಬಲಗೈಯಲ್ಲಿತ್ತು.

"ಸಾಕು ಬಿಡಮ್ಮ, ಕಣ್ಣು ಹಾಳಾಗುತ್ತೆ," ಎಂದ.

"ಇನ್ನೊಂದೇ ಸಲ ಮಾವ. ಎಲ್ಲೋ ಒಂದು ಕಡೆ ಎಡವಿದೀನಿ, ಗೊತ್ತಾಗ್ತಿಲ್ಲ."

ಅವಳು ಹಾಳೆಯ ಖಾಲಿ ಮೂಲೆ ಹುಡುಕತೊಡಗಿದಳು.

ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕದಲ್ಲಿ ಮಾವ ಬೆಳಗಿನ ಪಾಳಿಯ ಆಪರೇಟರ್. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ನೀರಿಗೆ ಕ್ಲೋರಿನ್ ಸರಿಯಾಗಿ ಬೀಳುತ್ತಿದೆಯೇ ಎಂದು ಕಾಯುವುದು ಅವನ ಕೆಲಸ. ಸೊಸೆ ಮೀಟರುಗಳನ್ನು ರಿಪೇರಿ ಮಾಡುವ ಒಂದು ಗುತ್ತಿಗೆ ಕಂಪನಿಯಲ್ಲಿ ಟೆಕ್ನಿಷಿಯನ್. ಮದುವೆಯಾಗಿ ಬಂದಮೇಲೆ ಕಲಿತ ಕೆಲಸ ಅದು. ಮಗ ಸರಕು ಲಾರಿ ಓಡಿಸುತ್ತ ತಿಂಗಳಿಗೆ ಎರಡು ಸಲ ಮನೆ ಮುಖ ನೋಡುವವನು. ಮಾವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಹೀಗೆ ಈ ಮನೆಯಲ್ಲಿ ಉಳಿದವರು ಮಾವ ಸೊಸೆ ಇಬ್ಬರೇ, ಇಬ್ಬರೂ ದಣಿದು ಬರುವವರು, ಇಬ್ಬರಿಗೂ ಮಾತು ಕಡಿಮೆ.

ಘಟಕದಲ್ಲಿ ಅವನನ್ನು ಎಲ್ಲರೂ ಮುಕ್ಕಾಲಣ್ಣ ಎನ್ನುತ್ತಿದ್ದರು. ಆ ಹೆಸರಿಗೆ ಒಂಬತ್ತು ವರ್ಷದ ಕಥೆಯಿದೆ. ದೊಡ್ಡ ಪೈಪಿಗೆ ಹಾಕಿದ್ದ ಹರಿವಿನ ಮೀಟರು ಆಗ ಕೆಟ್ಟಿತ್ತು. ಹೊಸದನ್ನು ಕೂರಿಸಲು ಬಂದಾತ ಕೂರಿಸಿದ, ತಂತಿ ಕಟ್ಟಿದ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ಮೀಟರಿನ ಕೆಲಸ ಇಷ್ಟೇ: ನೀರು ಎಷ್ಟು ಹರಿಯುತ್ತಿದೆ ಎಂಬುದನ್ನು ತಂತಿಯಲ್ಲಿ ನಾಲ್ಕರಿಂದ ಇಪ್ಪತ್ತರವರೆಗಿನ ಸಣ್ಣ ಕರೆಂಟಾಗಿ ಕಳಿಸುವುದು. ಗೋಡೆಯ ಮೇಲಿನ ಪೆಟ್ಟಿಗೆ ಅದನ್ನು ಓದಿ ಕ್ಲೋರಿನ್ ಪಂಪಿಗೆ, ನಿಮಿಷಕ್ಕೆ ಇಷ್ಟು ಸಲ ಬಡಿ ಎಂದು ಹೇಳುತ್ತದೆ. ಒಂದೊಂದು ಬಡಿತಕ್ಕೆ ಒಂದು ಗುಟುಕು ದ್ರಾವಣ ನೀರಿಗೆ ಸೇರುತ್ತದೆ. ಗುಟುಕು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಪಂಪಿನ ಮುಖದ ಮೇಲೊಂದು ಕಪ್ಪು ಗುಂಡಿ. ಹೊಸ ಮೀಟರು ಇಪ್ಪತ್ತು ಎಂದರೆ ಗಂಟೆಗೆ ಮುನ್ನೂರು ಘನ ಮೀಟರ್ ನೀರು ಎಂದು ಹೇಳುತ್ತಿತ್ತು. ಹಳೆಯ ಪೆಟ್ಟಿಗೆ ಅದನ್ನು ನಾನೂರು ಎಂದು ತಿಳಿದುಕೊಳ್ಳುತ್ತಿತ್ತು. ಒಬ್ಬ ಹೇಳುವುದೊಂದು, ಇನ್ನೊಬ್ಬ ಕೇಳುವುದೊಂದು. ಇಬ್ಬರ ನಡುವೆ ಸಿಕ್ಕ ಪಂಪು ಬೇಕಾದ್ದಕ್ಕಿಂತ ಹೆಚ್ಚು ಬಡಿದು, ಊರಿನ ನೀರೆಲ್ಲ ಮೂಗು ಮುಚ್ಚಿಕೊಳ್ಳುವಷ್ಟು ಘಾಟಾಯಿತು.

ಮೇಲಿನವರಿಗೆ ಬರೆದರೆ ಬರುತ್ತೇವೆ ಎಂದರು, ಬರಲಿಲ್ಲ. ಒಂದು ವಾರ ಪೂರ್ತಿ ಮುಕ್ಕಾಲಣ್ಣ ಗಂಟೆಗೊಮ್ಮೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಹನಿ ಬಿಟ್ಟು, ಹಳದಿ ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ, ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸುತ್ತ ಹೋದ. ಮುಕ್ಕಾಲಿಗೆ ಬಂದಾಗ ಬಣ್ಣ ಸರಿಹೋಯಿತು. ಮಾರನೆಯ ದಿನ ಮನೆಯಿಂದ ಹೆಂಡತಿಯ ಉಗುರುಬಣ್ಣದ ಶೀಶೆ ತಂದು ಅಲ್ಲಿ ಒಂದು ಕೆಂಪು ಗೆರೆ ಎಳೆದ. ಅವಳು ತನ್ನ ತಂಗಿಯ ಮದುವೆಗೆಂದು ಕೊಂಡು ಒಂದೇ ಸಲ ಹಚ್ಚಿ ಮರೆತಿದ್ದ ಶೀಶೆ. "ನನ್ನ ಬೆರಳಿಗಿಂತ ನಿಮ್ಮ ಪಂಪಿಗೇ ಚೆನ್ನಾಗಿ ಒಪ್ಪಿರುತ್ತೆ ಬಿಡಿ," ಎಂದು ಅವಳು ಮುನಿಸು ತೋರಿಸಿ ನಕ್ಕಿದ್ದಳು.

ಅಂದಿನಿಂದ ಮುಕ್ಕಾಲು ಎನ್ನುವುದು ಆ ಘಟಕದ ಕಾನೂನಾಯಿತು. ಎಲ್ಲೂ ಬರೆದಿಡಲಿಲ್ಲ. ಪಾಳಿಯಿಂದ ಪಾಳಿಗೆ ಬಾಯಿಂದ ಬಾಯಿಗೆ ಹೋಯಿತು. ಪಂಪು ತೊಳೆಯುವಾಗಲೋ ಒರೆಸುವಾಗಲೋ ಗುಂಡಿ ಕದಲಿದ್ದರೆ ಬಂದವರು ಗೆರೆಗೆ ತಂದು ನಿಲ್ಲಿಸುತ್ತಿದ್ದರು. ಬೇರೆಯವರು ನೋಡಿ ತಿರುಗಿಸುತ್ತಿದ್ದರು. ಮುಕ್ಕಾಲಣ್ಣನಿಗೆ ನೋಡುವುದೂ ಬೇಕಿರಲಿಲ್ಲ. ಒಳಗೆ ಬಂದು ದೀಪ ಹಾಕಿದಷ್ಟೇ ಸಲೀಸಾಗಿ ಅವನ ಕೈ ಹೋಗಿ ಗುಂಡಿಯನ್ನು ಸರಿಮಾಡಿ ಬರುತ್ತಿತ್ತು.

ಎರಡು ತಪ್ಪು ಸೇರಿ ಒಂದು ಸರಿಯಾಗಿ, ಒಂಬತ್ತು ವರ್ಷ ಊರು ಒಳ್ಳೆಯ ನೀರು ಕುಡಿಯಿತು. ತೊಂದರೆ ಬಂದದ್ದು ಕಾಗದದ ಮೇಲೆ. ಪೆಟ್ಟಿಗೆಯ ಲೆಕ್ಕದಲ್ಲಿ ಊರು ಕುಡಿಯುತ್ತಿದ್ದ ನೀರು ಕೆರೆಯಿಂದ ಬರುತ್ತಿದ್ದ ನೀರಿಗಿಂತ ಹೆಚ್ಚಾಗಿತ್ತು. ಇಷ್ಟು ವರ್ಷದ ಮೇಲೆ ಯಾರೋ ಅದನ್ನು ಕಂಡುಹಿಡಿದು, ಸರಿಮಾಡಲು ಕಂಪನಿಗೆ ಹೇಳಿದರು. ಕಂಪನಿ ಸೊಸೆಯನ್ನು ಕಳಿಸಿತು. ಸೋಮವಾರ ಮಧ್ಯಾಹ್ನ, ಮಾವನ ಪಾಳಿ ಮುಗಿದಮೇಲೆ ಬಂದು, ಅವಳು ಪೆಟ್ಟಿಗೆಯೊಳಗಿನ ನಾನೂರನ್ನು ಮುನ್ನೂರು ಮಾಡಿದಳು. ಗುಂಡಿಯನ್ನು ಪೂರ್ತಿಗೆ ತಿರುಗಿಸಿದಳು. ರಿಜಿಸ್ಟರಿನಲ್ಲಿ ಎರಡನ್ನೂ ಬರೆದು ಸಹಿ ಹಾಕಿದಳು.

ಅಷ್ಟೇ ಅಲ್ಲ, ಆ ಸಂಜೆ ಇದೇ ಮೇಜಿನ ಮುಂದೆ ಕುಳಿತು ಹೇಳಿಯೂ ಇದ್ದಳು.

"ಮಾವ, ನಿಮ್ಮ ಮುಕ್ಕಾಲು ತೆಗೆದುಬಿಟ್ಟೆ ಇವತ್ತು. ಇನ್ಮೇಲೆ ಗುಂಡಿ ಪೂರ್ತಿ ಇರ್ಬೇಕು."

"ತೆಗಿ ತೆಗಿ. ನಾಲ್ಕು ತಿಂಗಳಿಗೆ ರಿಟೈರ್ ಅಂತ ನನ್ನನ್ನೂ ತೆಗೀತಾರೆ, ಅದು ಸ್ವಲ್ಪ ಮುಂಚೆ ಹೋಯ್ತು ಅಷ್ಟೆ," ಎಂದು ನಕ್ಕಿದ್ದ. ಆಮೇಲೆ ಕುತೂಹಲಕ್ಕೆ, "ಅಲ್ಲಮ್ಮ, ಆ ಮೀಟರು ನಾಲ್ಕರಿಂದ ಯಾಕೆ ಶುರು? ನೀರೇ ಇಲ್ಲ ಅಂದ್ರೆ ಸೊನ್ನೆ ಅಂತ ಕಳಿಸಬಾರದಾ ಅದು?" ಎಂದು ಕೇಳಿದ್ದ.

"ಸೊನ್ನೆ ಕಳಿಸಿದ್ರೆ ನೀರಿಲ್ವೋ, ತಂತಿನೇ ಹರಿದಿದೆಯೋ, ಹೆಂಗೆ ಗೊತ್ತಾಗುತ್ತೆ ಹೇಳಿ? ಅದಕ್ಕೆ ಹೇಳೋಕೆ ಏನೂ ಇಲ್ಲದಿದ್ರೂ ನಾಲ್ಕು ಕಳಿಸ್ತಾ ಇರುತ್ತೆ. ನಾನಿದೀನಿ, ನಾನಿದೀನಿ ಅಂತ."

"ಹಂಗಾದ್ರೆ ನಮ್ಮನೆ ಮಾತುಕತೆನೂ ನಾಲ್ಕರಲ್ಲೇ ಓಡ್ತಿದೆ ಅನ್ನು. ಬಂದೆ ಮಾವ, ಬಾಮ್ಮ. ಮುಗೀತು."

ಇಬ್ಬರೂ ನಕ್ಕಿದ್ದರು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಮಂಗಳವಾರ ಬೆಳಗ್ಗೆ ಆರಕ್ಕೆ ಅವನು ಘಟಕಕ್ಕೆ ಹೋದ. ಹಿಂದಿನ ಪಾಳಿಯವನು ರಿಜಿಸ್ಟರು ಮುಂದಕ್ಕೆ ತಳ್ಳಿದ. ಎಲ್ಲರೂ ಅವನನ್ನು ಆಕಳಿಕೆ ಎಂದೇ ಕರೆಯುವುದು. "ಎಲ್ಲಾ ಸರಿ ಇದೆ ಅಣ್ಣ," ಎಂದ, ಆಕಳಿಸಿದ, ಹೋದ. ಮುಕ್ಕಾಲಣ್ಣ ಓದದೆ ಸಹಿ ಹಾಕಿದ. ಕೈಚೀಲ ಮೊಳೆಗೆ ಹಾಕಿದ, ಕಿಟಕಿ ತೆರೆದ, ದೀಪ ಆರಿಸಿದ, ಡ್ರಮ್ಮಿನ ಮಟ್ಟ ನೋಡಿದ. ಇವುಗಳ ನಡುವೆ ಎಲ್ಲೋ ಅವನ ಕೈ ಹೋಗಿ ಗುಂಡಿಯನ್ನು ಕೆಂಪು ಗೆರೆಗೆ ತಿರುಗಿಸಿ ಬಂತು. ಬೇಕೆಂದು ಮಾಡಿದ್ದಲ್ಲ, ಮರೆತು ಮಾಡಿದ್ದು ಎನ್ನುವುದಕ್ಕೂ ಇಲ್ಲ. ಮಾಡಿದ್ದೇ ಅವನಿಗೆ ತಿಳಿಯಲಿಲ್ಲ. ಪೆಟ್ಟಿಗೆ ಸರಿಯಾದ ಲೆಕ್ಕ ಹೇಳುತ್ತಿತ್ತು, ಪಂಪು ಅದರ ಮುಕ್ಕಾಲನ್ನಷ್ಟೇ ಕೊಡುತ್ತಿತ್ತು. ನೀರಿನ ಕೆಸರು ಕ್ಲೋರಿನ್ನಿನಲ್ಲಿ ತನ್ನ ಪಾಲನ್ನು ಮೊದಲು ತಿಂದುಬಿಡುತ್ತದೆ. ಪೈಪಿನ ಕೊನೆಗೆ ಹೋಗುವಷ್ಟರಲ್ಲಿ ಉಳಿದದ್ದು ಏನೂ ಇಲ್ಲ.

ಏಳು ಗಂಟೆಗೆ ಕೊಳವೆಯಲ್ಲಿ ಹನಿ ಬಿಟ್ಟಾಗ ಹಳದಿ ತಿಳಿಯಾಗಿ, ಕ್ಲೋರಿನ್ ಕಡಿಮೆಯಿದ್ದಾಗಿನ ಹಾಗೆ ಕಂಡಿತ್ತು. ಹನಿಯ ಬಾಟಲಿ ಹಳತಾಗಿರಬೇಕು ಎಂದುಕೊಂಡ. ರಿಜಿಸ್ಟರಿನಲ್ಲಿ ದಿನವೂ ಬರೆಯುವ ಅಂಕಿಯನ್ನೇ ಬರೆದ. ಬುಧವಾರ, ಗುರುವಾರವೂ ಅದನ್ನೇ ಬರೆದ.

ಪೈಪಿನ ಕೊನೆಯಲ್ಲಿ ಒಂದು ಶಾಲೆಯಿತ್ತು. ಬುಧವಾರ ಮಧ್ಯಾಹ್ನದಿಂದ ಅಲ್ಲಿನ ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಗುರುವಾರ ಬೆಳಗಿನ ಹೊತ್ತಿಗೆ ಮೂವತ್ತೊಂದು ಮಕ್ಕಳು ಆಸ್ಪತ್ರೆಯಲ್ಲಿದ್ದರು. ಹನ್ನೆರಡು ಗಂಟೆಗೆ ಇಂಜಿನಿಯರರ ಫೋನು ಬಂತು. ಏನು ಕೇಳಿದರೂ ರಿಪೋರ್ಟ್ ಕೊಡಿ ಎನ್ನುವ ಮನುಷ್ಯ, ಹಾಗಾಗಿ ರಿಪೋರ್ಟ್ ಸಾಹೇಬರೆಂದೇ ಹೆಸರು.

"ಶಾಲೆ ನಲ್ಲೀಲಿ ಕ್ಲೋರಿನ್ ಇಲ್ಲವೇ ಇಲ್ಲವಂತೆ ಕಣ್ರೀ. ಒಂದು ಗಂಟೆಗೆ ಬರ್ತೀವಿ, ನಿಮ್ಮ ಸೊಸೆನೂ ಕರ್ಕೊಂಡು ಬರ್ತಿದೀನಿ. ಯಾವುದನ್ನೂ ಮುಟ್ಟಬೇಡಿ."

ಫೋನಿಟ್ಟು ತಿರುಗಿದಾಗ ಅವನ ಕಣ್ಣು ಗುಂಡಿಯ ಮೇಲೆ ಬಿತ್ತು. ಕೆಂಪು ಗೆರೆಯ ಮೇಲೆ ಅಚ್ಚುಕಟ್ಟಾಗಿ ನಿಂತಿತ್ತು. ಇನ್ಮೇಲೆ ಗುಂಡಿ ಪೂರ್ತಿ ಇರ್ಬೇಕು ಎಂದ ಸೊಸೆಯ ಮಾತು ಆಗ ಕಿವಿಗೆ ಬಿತ್ತು, ಮೂರು ದಿನ ತಡವಾಗಿ. ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತ. ಪಂಪು ಟಕ್, ಟಕ್ ಎಂದು ಏನೂ ಆಗದ ಹಾಗೆ ಬಡಿಯುತ್ತಿತ್ತು. ಆಮೇಲೆ ಹೋಗಿ ಗುಂಡಿಯನ್ನು ಪೂರ್ತಿಗೆ ತಿರುಗಿಸಿದ. ಮೊದಲನೆಯ ಸಲ ತಿರುಗಿಸಿದ್ದು ಕೈ. ಈ ಸಲ ತಿರುಗಿಸಿದ್ದು ಅವನೇ. ಬಾಗಿಲ ಕಡೆ ಒಮ್ಮೆ ನೋಡಿ ತಿರುಗಿಸಿದ.

ಅವರು ಬಂದಾಗ ಎಲ್ಲವೂ ಸೊಸೆ ರಿಜಿಸ್ಟರಿನಲ್ಲಿ ಬರೆದಂತೆಯೇ ಇತ್ತು. ಪೆಟ್ಟಿಗೆಯಲ್ಲಿ ಮುನ್ನೂರು, ಗುಂಡಿ ಪೂರ್ತಿ. ರಿಪೋರ್ಟ್ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಒಂಬತ್ತು ವರ್ಷ ಸರಿಯಿದ್ದದ್ದು ಈ ಹುಡುಗಿ ಕೈಯಿಟ್ಟ ಮಾರನೆಯ ದಿನ ಕೆಟ್ಟಿದೆ. ನಾಳೆ ಬೆಳಗ್ಗೆ ಬಂದು ಹಳೆಯ ಅಂಕಿಯನ್ನೇ ಹಾಕಬೇಕು, ಗುಂಡಿಯನ್ನು ಗೆರೆಗೆ ತರಬೇಕು, ಸ್ಕೇಲಿಂಗ್, ಅಂದರೆ ಪೆಟ್ಟಿಗೆಯ ಆ ಅಂಕಿ, ತಪ್ಪಾಗಿದ್ದರಿಂದ ಹೀಗಾಯಿತೆಂಬ ರಿಪೋರ್ಟಿಗೆ ಸಹಿ ಮಾಡಬೇಕು. ಆ ಸಹಿಯ ಮೇಲೆ ಕಂಪನಿ ಅವಳನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಈಗ ಮೇಜಿನ ಆಚೆ ಕಡೆ ಸೊಸೆ ಪೆನ್ಸಿಲು ಕೆಳಗಿಟ್ಟಳು.

"ಮಾವ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಮ್ಮ."

"ಮೂರೂ ಪಾಳಿಯವರನ್ನ ಕೇಳ್ತಿದೀನಿ, ಅದಕ್ಕೇ ನಿಮ್ಮನ್ನೂ ಕೇಳ್ಬೇಕು. ಸೋಮವಾರ ಆದ್ಮೇಲೆ ಆ ಗುಂಡಿ ಏನಾದ್ರೂ ಮುಟ್ಟಿದ್ರಾ?"

ಹೇಳುವುದಾದರೆ ಅದೇ ಹೊತ್ತು. ಅವನಿಗೂ ಅದು ತಿಳಿಯಿತು. ಬಾಯಿ ತೆರೆದ. ಮೂವತ್ತನಾಲ್ಕು ವರ್ಷದ ನೌಕರಿ ಕಣ್ಣ ಮುಂದೆ ಬಂತು. ಆಸ್ಪತ್ರೆಯ ಹೊರಗೆ ನಿಂತ ತಾಯಂದಿರು, ವಿಚಾರಣೆ, ನಿಲ್ಲಬಹುದಾದ ಪಿಂಚಣಿ, ಬೀದಿಯಲ್ಲಿ ತನ್ನನ್ನು ತೋರಿಸುವ ಬೆರಳುಗಳು, ಎಲ್ಲ ಒಟ್ಟಿಗೆ ಬಂದವು.

"ಇಲ್ಲಮ್ಮ," ಎಂದ.

"ಸರಿ ಬಿಡಿ. ನೀವು ಇಲ್ಲ ಅಂದ್ರೆ ಮುಗೀತು." ಅವಳು ಆ ಮಾತನ್ನು ಎಷ್ಟು ಸರಾಗವಾಗಿ ಅಂದಳೆಂದರೆ ಅವನು ಲೋಟ ಹಿಡಿದ ಕೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡ. "ಹಾಗಾದ್ರೆ ನಂದೇ. ನಂಗೆ ವಿಚಿತ್ರ ಅನ್ಸೋದು ಏನು ಗೊತ್ತಾ ಮಾವ? ಇವತ್ತು ಮಧ್ಯಾಹ್ನ ನಾನೇ ಹನಿ ಬಿಟ್ಟು ನೋಡ್ದೆ, ಬಣ್ಣ ಸರಿಯಾಗಿದೆ. ಮೂರು ದಿನ ತಪ್ಪಿತ್ತು, ಇವತ್ತು ತಾನಾಗೇ ಸರಿ ಆಯ್ತಾ? ಹಂಗೆಲ್ಲ ಆಗಲ್ಲ. ನಂಗೇ ಏನೋ ಗೊತ್ತಿಲ್ಲ. ನಾನು ಕಲ್ತಿದ್ದೇ ಅರೆಬರೆ ಇರ್ಬೇಕು."

"ಹಂಗನ್ಬೇಡ."

"ಇಲ್ಲ ಮಾವ, ಸಂಬಳ ಬಿಡಿ. ನಾಳೆಯಿಂದ ಯಾವ ಮೀಟರ್ ನೋಡಿದ್ರೂ ಕೈ ನಡುಗುತ್ತೆ ನಂಗೆ. ಆ ಮಕ್ಕಳಲ್ಲಿ ಇಬ್ರು ಇನ್ನೂ ಡ್ರಿಪ್ಪಲ್ಲಿದಾರಂತೆ."

ಎದ್ದು ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದಳು. ಮೇಜಿನ ಮೇಲೆ ಐದು ಲೆಕ್ಕಗಳ ಕೆಳಗೆ ಐದು ಜೊತೆ ಗೆರೆಗಳು ಉಳಿದವು. ಐದೂ ಕಡೆ ನೂರೈವತ್ತೇ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಸಾಹೇಬರೂ ಸೊಸೆಯೂ ಘಟಕಕ್ಕೆ ಬಂದರು. ರಿಪೋರ್ಟ್ ಸಾಹೇಬರ ಬಗಲಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಟೈಪು ಮಾಡಿದ ಎರಡು ಹಾಳೆ. ಮುಕ್ಕಾಲಣ್ಣ ಆರು ಗಂಟೆಯಿಂದ ಕುರ್ಚಿಯಲ್ಲಿ ಕುಳಿತೇ ಇದ್ದ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು. ಕ್ಲೋರಿನ್ ಕೋಣೆಯ ವಾಸನೆ ಅವನಿಗೆ ತಿಳಿಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಇವತ್ತು ಅದು ಮೂಗಿಗೆ ಹೊಡೆಯುತ್ತಿತ್ತು. ರಾತ್ರಿ ನಿದ್ದೆ ಇರಲಿಲ್ಲ. ಒಂದು ವಿಷಯ ಮಾತ್ರ ಮತ್ತೆ ಮತ್ತೆ ಸಮಾಧಾನ ಹೇಳಲು ಬರುತ್ತಿತ್ತು: ನಾನೂರು ಹಾಕಿ ಗುಂಡಿ ಗೆರೆಗೆ ತಂದರೆ ನೀರು ಮೊದಲಿನ ಹಾಗೆ ಸರಿಯಾಗುತ್ತದೆ. ಊರಿಗೆ ಏನೂ ತೊಂದರೆಯಿಲ್ಲ. ಸುಮ್ಮನಿದ್ದರೆ ಕೆಡುವುದು ಒಬ್ಬಳದು ಮಾತ್ರ. ಆ ಸಮಾಧಾನ ಬಂದಷ್ಟೂ ಸಲ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದ.

"ಶುರು ಮಾಡಮ್ಮ," ಎಂದರು ಸಾಹೇಬರು. "ನಂಗೆ ಹನ್ನೊಂದಕ್ಕೆ ಮೀಟಿಂಗಿದೆ."

ಸೊಸೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ರಾತ್ರಿ ಅತ್ತಿದ್ದಾಳೆಂದು ಕಣ್ಣು ಹೇಳುತ್ತಿತ್ತು. ತಲೆಗೂದಲನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಗುಪ್ತ ಸಂಖ್ಯೆ ಒತ್ತಿದಳು, ಸ್ಕೇಲಿಂಗಿನ ಪುಟ ತೆರೆದಳು. ಸಣ್ಣ ಪರದೆಯ ಮೇಲೆ ಮುನ್ನೂರು ಮಿನುಗತೊಡಗಿತು. ಮೇಲ್ಮುಖ ಬಾಣದ ಗುಂಡಿಯ ಮೇಲೆ ಬೆರಳಿಟ್ಟು ನಿಂತಳು.

"ಏನಾಯ್ತು?"

"ಏನಿಲ್ಲ ಸರ್. ಸರಿ ಇರೋದನ್ನ ತಪ್ಪು ಮಾಡ್ತಿದೀನಿ ಅಂತ ಇನ್ನೂ ಅನ್ಸುತ್ತೆ. ಅನ್ಸೋದನ್ನ ಕಟ್ಕೊಂಡು ಏನು ಮಾಡೋದು." ಬೆರಳು ಒತ್ತಿದಳು.

ಮುನ್ನೂರ ಒಂದು. ಮುನ್ನೂರ ಎರಡು. ಒತ್ತಿ ಹಿಡಿದರೆ ಅಂಕಿ ತಾನೇ ಓಡುತ್ತದೆ, ಮೊದಲು ನಿಧಾನವಾಗಿ, ಆಮೇಲೆ ಬೇಗ. ಮುನ್ನೂರ ಹತ್ತು. ಮುನ್ನೂರ ಹದಿನೆಂಟು. ಮುಕ್ಕಾಲಣ್ಣ ಅವಳ ಬೆರಳನ್ನೇ ನೋಡುತ್ತಿದ್ದ. ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಒತ್ತಿದ್ದಳು. ಈ ಬೆರಳು ಇನ್ನು ಯಾವ ಪೆಟ್ಟಿಗೆಯ ಮುಂದೆಯೂ ನಂಬಿಕೆಯಿಂದ ನಿಲ್ಲುವುದಿಲ್ಲ. ಮುನ್ನೂರ ಮೂವತ್ತು. ಮುನ್ನೂರ ನಲವತ್ತು.

"ಬಿಡಮ್ಮ. ಒತ್ತಬೇಡ."

ಅಂಕಿ ಮುನ್ನೂರ ನಲವತ್ತಾರಕ್ಕೆ ನಿಂತಿತು. ಇಬ್ಬರೂ ತಿರುಗಿ ನೋಡಿದರು. ಅವನು ಎದ್ದು ನಿಂತಿದ್ದ. ಕೈಗಳು ಜೋಮು ಹಿಡಿದಿದ್ದವು.

"ಏನ್ರೀ ಮುಕ್ಕಾಲಣ್ಣ?"

"ಅವಳ ಲೆಕ್ಕ ಸರಿ ಇದೆ ಸಾರ್. ಮಂಗಳವಾರ ಬೆಳಗ್ಗೆ ಗುಂಡೀನ ಗೆರೆಗೆ ತಿರುಗಿಸಿದ್ದು ನಾನು. ಪೂರ್ತಿ ಇರ್ಬೇಕು ಅಂತ ಅವಳು ಹೇಳಿದ್ಲು. ರಿಜಿಸ್ಟರಲ್ಲೂ ಬರೆದಿದ್ಲು. ಆದ್ರೂ ತಿರುಗಿಸ್ಬಿಟ್ಟೆ. ತಿರುಗಿಸಿದ್ದೂ ಗೊತ್ತಾಗ್ಲಿಲ್ಲ."

"ನಿನ್ನೆ ನಾವು ಬಂದಾಗ ಪೂರ್ತಿಗೇ ಇತ್ತಲ್ರೀ?"

"ನಿಮ್ಮ ಫೋನ್ ಬಂದ್ಮೇಲೆ ತಿರುಗಿಸಿಟ್ಟೆ."

ಸಾಹೇಬರು ಕನ್ನಡಕ ತೆಗೆದು ಹಿಡಿದುಕೊಂಡರು. "ಮೊದಲ್ನೇದು ಗೊತ್ತಿಲ್ದೆ ಆಯ್ತು ಅಂದ್ರಿ. ಎರಡ್ನೇದು?"

"ಎರಡ್ನೇದು ಗೊತ್ತಿದ್ದೇ ಮಾಡಿದ್ದು." ಇನ್ನೂ ಉಳಿದಿತ್ತು, ಅದನ್ನೂ ಹೇಳಿಬಿಡಬೇಕಿತ್ತು. "ಮಂಗಳವಾರದಿಂದ ನಿನ್ನೆ ಬೆಳಗಿನವರೆಗೂ ಬಣ್ಣ ತಿಳಿ ಇತ್ತು. ದಿನಾ ಬರೆಯೋ ಅಂಕಿನೇ ಬರೆದೆ."

ಸಾಹೇಬರು ಫೈಲನ್ನು ಒಂದು ಬಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಅವರೂ ರಾತ್ರಿಯೆಲ್ಲ ಆಸ್ಪತ್ರೆಗೂ ಕಚೇರಿಗೂ ಓಡಾಡಿದವರೇ.

"ರಿಪೋರ್ಟ್ ಟೈಪ್ ಆಗಿ ಕೂತಿದೆ ಕಣ್ರೀ," ಎಂದರು. ಆಮೇಲೆ ದನಿ ತಗ್ಗಿಸಿ, "ಇನ್ನು ನಾಲ್ಕೇ ತಿಂಗಳಿತ್ತಲ್ರೀ ನಿಮಗೆ," ಎಂದರು. ಅದು ಗದರಿಕೆಯೋ ಮರುಕವೋ ಅವರಿಗೇ ತಿಳಿದಂತಿರಲಿಲ್ಲ.

"ಹರಿದು ಹಾಕಿ ಸಾರ್. ನಾನು ಕೈಬರಹದಲ್ಲಿ ಬರೆದುಕೊಡ್ತೀನಿ."

ಸೊಸೆ ಇಷ್ಟು ಹೊತ್ತೂ ಪೆಟ್ಟಿಗೆಯ ಕಡೆ ಮುಖ ಮಾಡಿಯೇ ನಿಂತಿದ್ದಳು. ಈಗ ತಿರುಗಿದಳು. ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಕಿರುಚಿದರೆ ಕಿರುಚಲಿ ಎಂದುಕೊಂಡಿದ್ದ.

"ನಿನ್ನೆ ಕೇಳಿದ್ನಲ್ಲ ಮಾವ," ಎಂದಳು ಅಷ್ಟೆ.

ಮತ್ತೆ ಪೆಟ್ಟಿಗೆಗೆ ತಿರುಗಿ ಕೆಳಮುಖ ಬಾಣವನ್ನು ಒತ್ತಿದಳು. ಅಂಕಿ ಇಳಿಯತೊಡಗಿತು. ಮುನ್ನೂರಕ್ಕೆ ತಂದು ನಿಲ್ಲಿಸಿ, ಉಳಿಸಿ, ಮುಚ್ಚಳ ಹಾಕಿ, ನಾಲ್ಕು ಸ್ಕ್ರೂಗಳನ್ನೂ ಒಂದೊಂದಾಗಿ ಬಿಗಿದಳು. ಆಮೇಲೆ ತಂತಿಯ ಸಿಪ್ಪೆ ತೆಗೆಯುವ ಸಣ್ಣ ಚಾಕುವನ್ನು ಚೀಲದಿಂದ ತೆಗೆದು, ಅವನ ಮುಖ ನೋಡದೆ, ಅವನ ಮುಂದಿನ ಮೇಜಿನ ಮೇಲಿಟ್ಟಳು.

"ಆ ಗೆರೆ ಕೆರೆದುಬಿಡಿ. ಅದಿದ್ರೆ ಇನ್ಯಾರಾದ್ರೂ ತಿರುಗಿಸ್ತಾರೆ."

ಅವನು ಪಂಪಿನ ಮುಂದೆ ಮೊಣಕಾಲೂರಿ ಕುಳಿತ. ಒಂಬತ್ತು ವರ್ಷದ ಉಗುರುಬಣ್ಣ ಬಿಡಲೊಲ್ಲೆ ಎಂದಿತು. ಚಾಕುವಿನ ತುದಿ ಜಾರಿತು. ಅಂಚು ಎದ್ದ ಮೇಲೆ ಹೆಬ್ಬೆರಳಿನ ಉಗುರಿನಿಂದ ಒತ್ತಿ ಒತ್ತಿ ಎಬ್ಬಿಸಿದ. ಚೂರು ಚೂರಾಗಿ ಬಂತು. ಹೆಂಡತಿಯ ನಗು ನೆನಪಾಗಿ ಕಣ್ಣು ಮಂಜಾಯಿತು, ಕೆಲಸ ನಿಲ್ಲಿಸಲಿಲ್ಲ. ಗೆರೆಯಿದ್ದ ಜಾಗದಲ್ಲಿ ಕೊನೆಗೆ ಒಂದು ಬಿಳಿಯ ಗೀರು ಉಳಿಯಿತು. ಎದ್ದು ನೋಡಿದಾಗ ಸೊಸೆ ಕೋಣೆಯಲ್ಲಿರಲಿಲ್ಲ. ಹೊರಗೆ ಅವಳ ಸ್ಕೂಟರು ಹೊರಟ ಸದ್ದು ಕೇಳಿಸಿತು.

ರಿಜಿಸ್ಟರಿನಲ್ಲಿ ಒಂದು ಪುಟ ಬರೆದ. ದಿನಾಂಕ, ಗಂಟೆ, ಮಾಡಿದ್ದು, ಮುಚ್ಚಿಟ್ಟದ್ದು. ಸಾಹೇಬರು ಓದಿ, ಬೀಗದಕೈ ಕೊಡಿ ಎಂದರು, ವಿಚಾರಣೆ ಮುಗಿಯುವವರೆಗೆ ಬರುವುದು ಬೇಡ ಎಂದರು. ಬಾಗಿಲವರೆಗೆ ಬಂದು, "ಡ್ರಿಪ್ಪಲ್ಲಿದ್ದ ಇಬ್ಬರಲ್ಲಿ ಒಂದು ಮಗು ಬೆಳಗ್ಗೆ ಮನೆಗೆ ಹೋಯ್ತಂತೆ. ಇನ್ನೊಂದೂ ಪರವಾಗಿಲ್ವಂತೆ," ಎಂದರು. ಅವನು ಕೈಮುಗಿದ. ಯಾರಿಗೆಂದು ಅವನಿಗೇ ಗೊತ್ತಿರಲಿಲ್ಲ.

ನಡೆದೇ ಮನೆಗೆ ಹೊರಟ. ಬೇಕೆಂದೇ ಶಾಲೆಯ ದಾರಿ ಹಿಡಿದ. ಕಾಂಪೌಂಡಿನೊಳಗೆ ಸಾಲು ನಲ್ಲಿಗಳ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಆಟದ ಮೈದಾನ ಖಾಲಿ ಬಿದ್ದಿತ್ತು. ಒಳಗೆ ಹೋಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ಏನು ಹೇಳುವುದೆಂದು ತೋಚಲಿಲ್ಲ. ಗೇಟಿನ ಸರಳು ಹಿಡಿದು ನಿಂತಿದ್ದು, ಕಾವಲಿನವನು ಏನು ಬೇಕು ಎಂದು ಕೇಳಿದಾಗ ಮುಂದೆ ನಡೆದ.

ಸಂಜೆ ಆರೂವರೆಗೆ ಸ್ಕೂಟರು ಬಂದು ನಿಂತಿತು. ಬಾಗಿಲು ತೆರೆಯಿತು. ಹೆಲ್ಮೆಟ್ಟು ಗೂಟಕ್ಕೆ ಬಿದ್ದ ಸದ್ದು, ಚೀಲ ಕುರ್ಚಿಯ ಮೇಲೆ ಕೂತ ಸದ್ದು. ದಿನವೂ ಇವೆರಡರ ನಡುವೆ ಬರುತ್ತಿದ್ದ, ಬಂದೆ ಮಾವ ಎಂಬ ಮಾತು ಇವತ್ತು ಬರಲಿಲ್ಲ. ಬಾಮ್ಮ ಎನ್ನಲು ತೆರೆದ ಬಾಯಿಯನ್ನು ಅವನು ಹಾಗೇ ಮುಚ್ಚಿಕೊಂಡ. ಅವಳು ಅವನನ್ನು ದಾಟಿ ಅಡುಗೆಮನೆಗೆ ಹೋದಳು. ಪಾತ್ರೆ ಇಟ್ಟಳು, ಒಲೆ ಹಚ್ಚಿದಳು. ಕಂಪನಿಯವರು ಏನೆಂದರೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಕುರ್ಚಿಯ ಮೇಲಿನ ಅವಳ ಚೀಲದ ಬಾಯಿಂದ ಸ್ಕ್ರೂಡ್ರೈವರಿನ ಹಿಡಿ ಹೊರಗೆ ಕಾಣುತ್ತಿತ್ತು, ಗುರುತಿನ ಚೀಟಿಯ ನೀಲಿ ದಾರವೂ ಕಾಣುತ್ತಿತ್ತು. ಎರಡೂ ಅವಳ ಬಳಿಯೇ ಇವೆ ಎಂಬುದನ್ನಷ್ಟೇ ನೋಡಿಕೊಂಡ.

ಒಂದು ಗಂಟೆ ಕಳೆಯಿತು. ಮೂರು ವರ್ಷದಿಂದ ಮಾತು ಕಡಿಮೆಯಿದ್ದ ಮನೆಯೇ ಇದು, ಆದರೆ ಇಂಥ ಸದ್ದಿಲ್ಲದ ಸಂಜೆ ಅವನಿಗೆ ಹೆಂಡತಿ ಹೋದ ವಾರವೂ ಅನುಭವಕ್ಕೆ ಬಂದಿರಲಿಲ್ಲ. ಕೂರಲಾಗದೆ ಎದ್ದು ಹಿತ್ತಲ ಬಾಗಿಲ ಪಕ್ಕದ ಬೇಸಿನ್ನಿಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಬಂತು. ಮುಖದ ಹತ್ತಿರ ತಂದರೆ ಕ್ಲೋರಿನ್ನಿನ ವಾಸನೆ ತೆಳುವಾಗಿ, ಇರಬೇಕಾದಷ್ಟೇ ಇತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಚೂರೊಂದು ಸಿಕ್ಕಿಕೊಂಡಿತ್ತು. ಸೋಪು ಹಚ್ಚಿ ತಿಕ್ಕಿದ, ಹೋಗಲಿಲ್ಲ. ಬೆರಳನ್ನು ಧಾರೆಯ ಕೆಳಗೆ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತುಬಿಟ್ಟ. ಎಷ್ಟು ಹೊತ್ತು ನಿಂತನೋ ತಿಳಿಯಲಿಲ್ಲ.

"ಮಾವ, ನಲ್ಲಿ ನಿಲ್ಸಿ." ಅಡುಗೆಮನೆಯಿಂದ ದನಿ ಬಂತು. ದಣಿದ, ಒಣಗಿದ ದನಿ. "ನೀರು ಸುಮ್ನೆ ಹೋಗ್ತಿದೆ."

ಅವನು ತಟ್ಟನೆ ನಲ್ಲಿ ನಿಲ್ಲಿಸಿದ. ಕಿವಿಗೊಟ್ಟು ಕಾದ. ಮತ್ತೇನೂ ಬರಲಿಲ್ಲ. ಒಳಗೆ ಮೇಜಿನ ಮೇಲೆ ಒಂದು ತಟ್ಟೆ ಇಟ್ಟ ಸದ್ದಾಯಿತು, ಸ್ವಲ್ಪ ತಡೆದು, ಇನ್ನೊಂದು.